ಬೇಲಿಯಲ್ಲಿ ಗೌರಿಹೂ, ಗುಲಗಂಜಿ, ಎಕ್ಕ, ಲಂಟಾನ: ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬಹುದು?

ಅಗಳಬದಿ:

ಜಾಗ ಕೊಪ್ಪದ ಹತ್ತಿರ. ಅಡಿಕೆ ತೋಟದ ಮೇಲ್ಬದಿಗೆ ಅಗಳು, ಅದರ ಏರಿಯ ಮೇಲೆ ಸುಮಾರು 120 ಮೀಟರ್ ಉದ್ದದ ಹಳೆಯ ಬೇಲಿ. ಮುಕ್ಕಾಲು ಪಾಲು ಲಂಟಾನ. ಅದರ ನಡುನಡುವೆ ಗೌರಿಹೂವಿನ ಬಳ್ಳಿ ಎದ್ದಿದೆ, ಭಾದ್ರಪದದ ಹೊತ್ತಿಗೆ ಬೇಲಿ ತುಂಬ ಹೂ. ಬಿಸಿಲು ಬೀಳುವ ತುದಿಯಲ್ಲಿ ಎಕ್ಕ ಮತ್ತು ಗುಲಗಂಜಿ, ಗೊಬ್ಬರಗುಂಡಿಯ ಪಕ್ಕ ಉಮ್ಮತ್ತಿ, ಗೇಟಿನ ಬಳಿ ಯಾರೋ ಹಿಂದೆ ನೆಟ್ಟ ಕೆಂಪು ಕಣಗಿಲೆ. ಕೊಟ್ಟಿಗೆಯಲ್ಲಿ ಎರಡು ಎಚ್‌ಎಫ್ (ಕಪ್ಪು-ಬಿಳುಪಿನ ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಒಂದು ಮಲೆನಾಡು ಗಿಡ್ಡ. ರಜೆಗೆ ಐದಾರು ವರ್ಷದ ಮಕ್ಕಳು ಬರುತ್ತಾರೆ.

ಎಲ್ಲವನ್ನೂ ಜೆಸಿಬಿಯಲ್ಲಿ ಬಳಿದು ತಂತಿಬೇಲಿ ಹಾಕಿಬಿಡಿ ಎಂಬುದು ಸುತ್ತಲಿನವರ ಸಲಹೆ. ಬೇಲಿಯ ಜೇನು, ಚಿಟ್ಟೆ, ಹಕ್ಕಿ ಉಳಿಯಬೇಕು ಎಂಬ ಆಸೆ ನನಗಿದೆ. ಇವುಗಳಲ್ಲಿ ನಿಜಕ್ಕೂ ಅಪಾಯದ್ದು ಯಾವುದು, ಯಾವ ಭಾಗ, ಯಾವ ತಿಂಗಳು? ಕೀಳುವುದಾದರೆ ಹೇಗೆ? ಗೌರಿಹೂವಿನ ಗಡ್ಡೆ ಅಗೆದಷ್ಟೂ ಮತ್ತೆ ಬರುತ್ತದೆ, ಅದಕ್ಕೆ ಕಾರಣವೇನು?

ಗಡ್ಡೆಗೆಣಸು:

ಗೌರಿಹೂವಿನಿಂದಲೇ ಶುರು ಮಾಡುತ್ತೇನೆ, ನಿಮ್ಮ ಪಟ್ಟಿಯಲ್ಲಿ ಅತಿ ಚೆಂದದ್ದೂ ಅದೇ, ಜನ ಅತಿ ಹಗುರಾಗಿ ನೋಡುವುದೂ ಅದನ್ನೇ.

ಇದು ಗ್ಲೋರಿಯೋಸಾ ಸುಪರ್ಬಾ. ಅಗ್ನಿಶಿಖೆ, ಲಾಂಗಲಿ ಎಂದೂ ಹೆಸರುಂಟು. ಬೇರಿನಿಂದ ಬೀಜದವರೆಗೆ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಇದೆ. ಗೌಟ್ ಎಂಬ ಕೀಲುನೋವಿಗೆ ಕೊಡುವ ಔಷಧಿ ಇದೇ ವಸ್ತು, ಮಾತ್ರೆಯಲ್ಲಿ ಸಾಮಾನ್ಯವಾಗಿ 0.5 ಮಿಲಿಗ್ರಾಂ ಇರುತ್ತದೆ. 10 ಗ್ರಾಂ ಗಡ್ಡೆಯಲ್ಲಿ ಸುಮಾರು 6 ಮಿಲಿಗ್ರಾಂ ಎಂಬುದು ವೈದ್ಯರು ಹಿಡಿಯುವ ಲೆಕ್ಕ. ಅಂದರೆ ಹೆಬ್ಬೆರಳಿನ ಗಾತ್ರದ ತುಂಡೊಂದರಲ್ಲಿ ಹನ್ನೆರಡು ಮಾತ್ರೆಗಳಷ್ಟು. ಬೀಜದಲ್ಲಿ ಇನ್ನೂ ಹೆಚ್ಚು. ತಮಿಳುನಾಡಿನ ದಿಂಡಿಗಲ್, ಕರೂರು, ತಿರುಪ್ಪೂರು ಕಡೆ ಎಕರೆಗಟ್ಟಲೆ ಇದನ್ನು ಬೆಳೆಯುವುದು ಬೀಜಕ್ಕಾಗಿಯೇ. ಬೇಯಿಸಿದರೆ ವಿಷ ಹೋಗುತ್ತದೆ ಎಂದುಕೊಳ್ಳಬೇಡಿ, ಹೋಗುವುದಿಲ್ಲ.

ಹೂ ಮುಟ್ಟಿದರೆ ಏನೂ ಆಗುವುದಿಲ್ಲ. ಹಬ್ಬಕ್ಕೆ ಕೊಯ್ದು ಗೌರಿಗೆ ಏರಿಸಿ, ಕೈ ತೊಳೆದುಕೊಂಡರೆ ಸಾಕು. ಅಪಾಯ ಬರುವ ದಾರಿ ಎರಡೇ. ಒಂದು, ಗಡ್ಡೆಯನ್ನು ಕಾಡುಗೆಣಸು ಎಂದು ತಪ್ಪು ತಿಳಿದು ಬೇಯಿಸುವುದು. ಇನ್ನೊಂದು, ಒಡೆದ ಕಾಯಿಯ ಕೆಂಪು ಬೀಜ ಮಕ್ಕಳ ಕೈಗೆ ಸಿಗುವುದು.

ಗೆಣಸಿನಿಂದ ಬೇರೆ ಮಾಡಿ ನೋಡಬೇಕಾದ್ದು ಬಳ್ಳಿ ಹಸಿರಾಗಿರುವಾಗಲೇ. ಕಾಡುಗೆಣಸಿನ ಬಳ್ಳಿ ಕಾಂಡದಿಂದಲೇ ಆಸರೆಗೆ ಸುತ್ತಿಕೊಳ್ಳುತ್ತದೆ, ಎಲೆ ಹೃದಯದಾಕಾರ, ದಪ್ಪ ನರಗಳ ನಡುವೆ ಬಲೆಯಂಥ ಸಣ್ಣ ನರ. ಗೌರಿಹೂವಿನ ಕಾಂಡ ಸುತ್ತುವುದೇ ಇಲ್ಲ. ಪ್ರತಿ ಎಲೆಯ ತುದಿ ಉದ್ದವಾಗಿ ಎಳೆದು ಸುರುಳಿಯಾಗಿ, ಆ ಸುರುಳಿಯೇ ಆಸರೆ ಹಿಡಿಯುತ್ತದೆ. ಎಲೆಯ ನರಗಳು ಹುಲ್ಲಿನಂತೆ ಉದ್ದುದ್ದಕ್ಕೆ ಸಮಾನಾಂತರ. ನವೆಂಬರ್-ಡಿಸೆಂಬರಿನಲ್ಲಿ ಬಳ್ಳಿ ಒಣಗಿ ಬಿದ್ದುಹೋದ ಮೇಲೆ ಈ ಗುರುತು ಯಾವುದೂ ಸಿಗದು, ತಪ್ಪಾಗುವುದೂ ಆಗಲೇ. ಗಡ್ಡೆ ಮಾತ್ರ ಕೈಗೆ ಬಂದಿದ್ದರೆ ಆಕಾರ ನೋಡಿ: ಬೆರಳು ದಪ್ಪದ ಎರಡು ಕೊಂಬು ಸೇರಿ ನೇಗಿಲಿನ ಹಾಗೆ ಬಾಗಿರುತ್ತದೆ. ಸಂಶಯವಿದ್ದರೆ ಅಡುಗೆಮನೆಯೊಳಗೆ ತರಲೇಬೇಡಿ.

ಅಗೆದಷ್ಟೂ ಬರುವುದಕ್ಕೆ ಕಾರಣ ಆ ಕೊಂಬುಗಳಲ್ಲಿದೆ. ಹಳೆಯ ಗಡ್ಡೆ ಪ್ರತಿ ವರ್ಷ ಸೊರಗಿ ಹೋಗುತ್ತದೆ, ಅದರ ಬದಲು ಎರಡು ಕವಲಿನ ಹೊಸ ಗಡ್ಡೆ ಕಟ್ಟುತ್ತದೆ. ಮೊಳಕೆಯ ಕಣ್ಣು ಇರುವುದು ಕೊಂಬುಗಳ ತುದಿಯಲ್ಲಿ ಮಾತ್ರ. ಗಡ್ಡೆ ಬಲು ಪೆಡಸು, ಗುದ್ದಲಿ ತಾಗಿದರೆ ನಡುವೆ ಮುರಿಯುತ್ತದೆ. ನೀವು ನಡುಭಾಗ ಎತ್ತಿಕೊಂಡು ಬರುತ್ತೀರಿ, ತುದಿ ಮಣ್ಣಿನಲ್ಲೇ ಉಳಿಯುತ್ತದೆ. ಕೆಲವೊಮ್ಮೆ ಎರಡು ತುದಿಯೂ ಉಳಿದು, ಒಂದಿದ್ದ ಬಳ್ಳಿ ಮರುವರ್ಷ ಎರಡಾಗುತ್ತದೆ.

ಆದ್ದರಿಂದ ಹೀಗೆ ಮಾಡಿ. ಹೂ ಇರುವಾಗಲೇ ಪ್ರತಿ ಬಳ್ಳಿಯ ಬುಡದಲ್ಲಿ ಒಂದೊಂದು ಗೂಟ ಹುಗಿದು ಗುರುತು ಹಾಕಿ. ಬಳ್ಳಿ ಅರ್ಧ ಹಳದಿಯಾದಾಗ, ಮಣ್ಣಿನಲ್ಲಿ ಇನ್ನೂ ಹಸಿ ಇರುವಾಗ ಅಗೆಯಿರಿ. ಗೂಟದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಹಾರೆ ಇಳಿಸಿ ಮಣ್ಣು ಸಡಿಲ ಮಾಡಿ, ಆಮೇಲೆ ಕೈಯಿಂದಲೇ ಬಿಡಿಸಿ. ಹೆಚ್ಚಾಗಿ 20ರಿಂದ 30 ಸೆಂಟಿಮೀಟರ್ ಒಳಗೇ ಸಿಗುತ್ತದೆ, ಹಳೆಯ ಗಡ್ಡೆಗಳು ಇನ್ನೂ ಕೆಳಗಿರಬಹುದು. ರಬ್ಬರ್ ಕೈಗವಸು ಬೇಕು. ಎರಡೂ ಕೊಂಬಿನ ತುದಿ ಕೈಗೆ ಬಂದವೇ ಎಂದು ನೋಡಿಯೇ ಗುಂಡಿ ಮುಚ್ಚಿ.

ಆದರೆ ಬೇಲಿಯ ಬಳ್ಳಿಯನ್ನೆಲ್ಲ ಕೀಳಿ ಎಂದು ನಾನು ಹೇಳುವುದಿಲ್ಲ. ಗಡ್ಡೆಗಾಗಿ ಅಗೆದೂ ಅಗೆದೂ ಎಷ್ಟೋ ಕಡೆ ಕಾಡಿನಲ್ಲೇ ಇದು ಅಪರೂಪವಾಗಿದೆ. ಅಂಗಳಕ್ಕೆ, ಕಾಲುದಾರಿಗೆ ಹತ್ತಿರದ್ದನ್ನು ಮಾತ್ರ ಎತ್ತಿ ಏರಿಯ ದೂರದ ತುದಿಗೆ ಸಾಗಿಸಿ. ಉಳಿದವುಗಳ ಹಸಿರು ಕಾಯಿಗಳನ್ನು ಅಕ್ಟೋಬರಿನಲ್ಲಿ, ಮೂರು ಹೋಳಾಗಿ ಒಡೆಯುವ ಮುನ್ನ ಕತ್ತರಿಸಿಬಿಡಿ. ಬೀಜ ಬೀಳದಿದ್ದರೆ ಹೊಸ ಜಾಗಕ್ಕೆ ಹರಡದು. ಬೀಜದಿಂದ ಎದ್ದ ಸಸಿ ಹೂ ಬಿಡಲು ಮೂರ್ನಾಲ್ಕು ವರ್ಷ ಬೇಕು, ಹಾಗಾಗಿ ಆ ಕಡೆಯಿಂದ ಅವಸರದ ಅಪಾಯವಿಲ್ಲ.

ಹಟ್ಟಿವೈದ್ಯ:

ದನದ ವಿಷಯಕ್ಕೆ ಬಂದರೆ ಪಟ್ಟಿಯ ಕ್ರಮವೇ ಬದಲಾಗುತ್ತದೆ. ನಿಮ್ಮಲ್ಲಿ ಮೊದಲ ಅಪಾಯ ಗೇಟಿನ ಕಣಗಿಲೆ, ಎರಡನೆಯದು ಲಂಟಾನ. ಮಿಕ್ಕಿದ್ದೆಲ್ಲ ಆಮೇಲೆ.

ಕಣಗಿಲೆಯ ವಿಷ ನೇರ ಹೃದಯಕ್ಕೆ. ದೇಹತೂಕದ ಪ್ರತಿ ಕೆ.ಜಿ.ಗೆ 50 ಮಿಲಿಗ್ರಾಂ ಒಣ ಎಲೆ ಸಾವಿಗೆ ಸಾಕು ಎಂಬುದು ಪಶುವೈದ್ಯಕೀಯದ ರೂಢಿಯ ಅಂಕಿ. 400 ಕೆ.ಜಿ. ಹಸುವಿಗೆ ಅದು 20 ಗ್ರಾಂ, ಸರಿಯಾಗಿ ಒಂದು ಹಿಡಿಯೂ ಅಲ್ಲ. ನಿಂತ ಗಿಡವನ್ನು ದನ ಸಾಮಾನ್ಯವಾಗಿ ಮೂಸಿ ಬಿಡುತ್ತದೆ, ಕಹಿ. ಅನಾಹುತ ಆಗುವುದು ಗಿಡ ಸವರಿದ ಮರುದಿನ. ಬಾಡಿದ ಎಲೆಯ ಕಹಿ ಇಳಿದಿರುತ್ತದೆ, ವಿಷ ಇಳಿದಿರುವುದಿಲ್ಲ. ಸವರಿದ್ದನ್ನು ಬೇಲಿಯಾಚೆ ಎಸೆಯುವುದು, ಕೊಟ್ಟಿಗೆಗೆ ಹಾಸುವ ಸೊಪ್ಪಿನ ಜತೆ ಸೇರಿಸುವುದು, ಎರಡೂ ಕೂಡದು. ಗೇಟಿನ ಬಳಿ ದನ ಓಡಾಡುವುದಾದರೆ ಆ ಗಿಡ ಅಲ್ಲಿರುವುದೇ ಬೇಡ, ಬುಡಸಹಿತ ತೆಗೆಯಿರಿ.

ಇದರದ್ದೇ ಇನ್ನೊಂದು ದಾರಿ ಗಣೇಶನ ಹಬ್ಬ. ಇಪ್ಪತ್ತೊಂದು ಪತ್ರೆಯಲ್ಲಿ ಎಕ್ಕ, ಉಮ್ಮತ್ತಿ, ಕಣಗಿಲೆ ಮೂರೂ ಬರುತ್ತವೆ. ಪೂಜೆ ಮುಗಿದ ನಿರ್ಮಾಲ್ಯವನ್ನು ಭಕ್ತಿಯಿಂದಲೇ ಹಸುವಿನ ಮುಂದೆ ಇಡುವವರಿದ್ದಾರೆ. ಎರಡು ದಿನದ ಬಾಡಿದ ಪತ್ರೆ, ಜತೆಗೆ ಬಾಳೆಹಣ್ಣಿನ ಸಿಪ್ಪೆ, ಗರಿಕೆ. ದನ ಆರಿಸಿ ತಿನ್ನುವುದಿಲ್ಲ. ನಿರ್ಮಾಲ್ಯ ಮರದ ಬುಡಕ್ಕೋ ಮುಚ್ಚಿದ ಗುಂಡಿಗೋ ಹೋಗಬೇಕು.

ಇನ್ನು ಲಂಟಾನ. ವಿಷ ಎಲೆಯಲ್ಲಿರುವ ಲ್ಯಾಂಟಡೀನ್ ಎಂಬ ವಸ್ತುಗಳದ್ದು, ಅದು ಪಿತ್ತಜನಕಾಂಗವನ್ನು ಹಿಡಿಯುತ್ತದೆ. ಕೆಂಪು ಹೂವಿನದ್ದೇ ವಿಷ, ಗುಲಾಬಿ ಬಣ್ಣದ್ದು ಪರವಾಗಿಲ್ಲ ಎಂಬ ಮಾತು ನಂಬಬೇಡಿ, ಬಣ್ಣ ನೋಡಿ ತೀರ್ಮಾನ ಮಾಡಲಾಗದು. ಬೇಲಿಯ ಪಕ್ಕದಲ್ಲೇ ಬೆಳೆದ ದನ ಅದನ್ನು ಮುಟ್ಟದು. ಹೊರಗಿನಿಂದ ಹೊಸದಾಗಿ ತಂದದ್ದು, ಹಸಿದು ಬಂದದ್ದು, ಬೇಸಿಗೆಯಲ್ಲಿ ಬೇರೆ ಹಸಿರು ಸಿಗದದ್ದು ತಿನ್ನುತ್ತದೆ. ತಿಂದ ಒಂದೆರಡು ದಿನದಲ್ಲಿ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಸಗಣಿ ಗಟ್ಟಿಯಾಗುತ್ತದೆ. ಆಮೇಲೆ ಕಣ್ಣಿನ ಬಿಳಿಭಾಗ ಹಳದಿ, ಮೂಗು ಕೆಂಪಾಗಿ ಸಿಪ್ಪೆ ಏಳುವುದು, ಬಿಸಿಲು ಕಂಡರೆ ನೆರಳಿಗೆ ಓಡುವುದು. ಎಚ್‌ಎಫ್ ಹಸುವಿನಲ್ಲಿ ಮೈಯ ಬಿಳಿ ಭಾಗ ಮಾತ್ರ ಸುಟ್ಟಂತೆ ಬಿರಿದು, ಕಪ್ಪು ಭಾಗ ಹಾಗೇ ಉಳಿಯುವುದು ಕಣ್ಣಿಗೆ ಹೊಡೆಯುವ ಗುರುತು. ರೋಗಪಟ್ಟ ಪಿತ್ತಜನಕಾಂಗ ಹಸಿರೆಲೆಯಿಂದ ಹುಟ್ಟುವ ಒಂದು ವಸ್ತುವನ್ನು ಹೊರಹಾಕಲಾರದೆ ಅದು ರಕ್ತದಲ್ಲಿ ಉಳಿದು, ಚರ್ಮ ಬಿಸಿಲನ್ನು ತಾಳದಂತಾಗುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ್ದು: ವಿಷದಿಂದ ಹೊಟ್ಟೆಯ ಚಲನೆ ನಿಂತಿರುವುದರಿಂದ ತಿಂದ ಎಲೆ ಮೊದಲ ಹೊಟ್ಟೆಯಲ್ಲೇ ಕೂತು ದಿನಗಟ್ಟಲೆ ವಿಷ ಬಿಡುತ್ತಲೇ ಇರುತ್ತದೆ. ಬೇಲಿಯಿಂದ ದೂರ ಕಟ್ಟಿದ ಮಾತ್ರಕ್ಕೆ ಗುಣವಾಗುವುದಿಲ್ಲ. ದೊಡ್ಡ ದನಕ್ಕೆ 2.5 ಕೆ.ಜಿ. ಸಕ್ರಿಯ ಇದ್ದಿಲನ್ನು 20 ಲೀಟರ್ ಲವಣದ್ರಾವಣದಲ್ಲಿ ಕಲಸಿ ನಳಿಕೆಯಿಂದ ಹೊಟ್ಟೆಗೆ ಇಳಿಸುವುದು ಚಿಕಿತ್ಸೆ. ಬೆಂಟೊನೈಟ್ ಜೇಡಿಯೂ ಆಗುತ್ತದೆ, ಅಗ್ಗ, ಗುಣ ಸ್ವಲ್ಪ ನಿಧಾನ. ಇದು ಪಶುವೈದ್ಯರ ಕೆಲಸ. ಗೊಟ್ಟದಲ್ಲಿ ಬಾಯಿಗೆ ಸುರಿಯಲು ಹೋದರೆ ಶ್ವಾಸಕೋಶಕ್ಕೆ ಇಳಿದು ಅದರಿಂದಲೇ ಸಾಯಬಹುದು. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಅವರು ಬರುವವರೆಗೆ ಕತ್ತಲೆಯ ಕೊಟ್ಟಿಗೆಯಲ್ಲಿ ಕಟ್ಟಿ, ನೀರು ಮುಂದಿಡಿ.

ತೋಟಗಾವಲು:

ಇಷ್ಟೆಲ್ಲ ರಗಳೆ ಯಾಕೆ? ದನಕ್ಕೆ ತನಗೆ ಆಗದ್ದು ಗೊತ್ತಿರುತ್ತದೆ, ತಾನೇ ಬಿಡುತ್ತದೆ. ಬೇಡ ಅನ್ನಿಸಿದರೆ ಗ್ಲೈಫೋಸೇಟ್ ಕಳೆನಾಶಕ ಎರಡು ಸಲ ಹೊಡೆಯಿರಿ, ಮುಗೀತು.

ಹಟ್ಟಿವೈದ್ಯ:

ನಿಂತ ಗಿಡಕ್ಕೆ ಆ ಮಾತು ಬಹುಪಾಲು ಸರಿ, ಕತ್ತರಿಸಿ ತಂದ ಮೇವಿಗೆ ಅಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲಿನ ಕಟ್ಟಿನೊಳಗೆ ನಾಲ್ಕು ಉಮ್ಮತ್ತಿ ಗಿಡ ಹೋದರೆ ಹೊರಬರುವ ಪುಡಿಯಲ್ಲಿ ದನ ಏನನ್ನು ಬಿಡಬೇಕು? ಕಳೆನಾಶಕ ಹೊಡೆದ ವಿಷದ ಗಿಡವೂ ಹಾಗೆಯೇ. ಬಾಡುವಾಗ ರುಚಿ ಬದಲಾಗಿ, ಮೊದಲು ಮುಟ್ಟದ ದನವೂ ಬಾಯಿ ಹಾಕುತ್ತದೆ. ಹೊಡೆದರೆ ಗಿಡ ಪೂರ್ತಿ ಸತ್ತು ಒಣಗಿ, ಅದನ್ನು ತೆಗೆದುಹಾಕುವ ತನಕ ಅತ್ತ ದನ ಬಿಡುವಂತಿಲ್ಲ. ಅಗಳಿನ ಏರಿ ಅಂದರೆ ಕೆಳಗೆ ನೀರು ಹರಿಯುವ ಜಾಗ, ಅಲ್ಲಿ ನಾನಂತೂ ಹೊಡೆಯುವುದಿಲ್ಲ.

ಅಗಳಬದಿ:

ಕಣಗಿಲೆ ತೆಗೆಸುತ್ತೇನೆ. ಮಕ್ಕಳ ಬಗ್ಗೆ ಇನ್ನೂ ಗೊಂದಲವಿದೆ. ಗುಲಗಂಜಿಯನ್ನು ಅಳಗುಳಿಮಣೆಗೆ ಆರಿಸುತ್ತಾರೆ, ಎಲೆ ಸಿಹಿ ಎಂದು ಅಗಿಯುವವರೂ ಉಂಟು. ನುಂಗಿದರೆ ಏನಾಗದು, ಅಗಿದರೆ ಸಾವು ಎಂಬ ಮಾತು ನಿಜವೇ? ಎಕ್ಕದ ಹಾಲು ಕಣ್ಣಿಗೆ ಬಿದ್ದರೆ? ಉಮ್ಮತ್ತಿ?

ರಾತ್ರಿಪಾಳಿ:

ತುರ್ತು ಚಿಕಿತ್ಸೆಯ ಕಡೆಯಿಂದ ಒಂದೊಂದಾಗಿ.

ಗುಲಗಂಜಿ. ಮಾತು ಬಹಳಮಟ್ಟಿಗೆ ನಿಜ, ಆದರೆ ಅದನ್ನು ನೆಚ್ಚಿಕೊಂಡು ಮನೆಯಲ್ಲಿ ಕೂರುವುದು ತಪ್ಪು. ವಿಷದ ಪ್ರೋಟೀನು ಅಬ್ರಿನ್ ಬೀಜದ ಒಳಗಿದೆ, ಹೊರಸಿಪ್ಪೆ ಕಲ್ಲಿನಷ್ಟು ಗಟ್ಟಿ. ಇಡಿಯಾಗಿ ನುಂಗಿದ ಬಲಿತ ಬೀಜ ಹೆಚ್ಚಾಗಿ ಹಾಗೆಯೇ ಮಲದಲ್ಲಿ ಬರುತ್ತದೆ. ಎಳೆಯ ಬೀಜದ ಸಿಪ್ಪೆ ಮೆದು, ಮಣಿಸರಕ್ಕೆ ತೂತು ಕೊರೆದ ಬೀಜಕ್ಕೆ ಸಿಪ್ಪೆಯ ರಕ್ಷಣೆಯೇ ಇಲ್ಲ. ಐದು ವರ್ಷದ ಮಗು ಅಗಿಯಿತೋ ನುಂಗಿತೋ ಎಂದು ಹೇಳಬಲ್ಲವರು ಯಾರು? ಲಕ್ಷಣ ಕೆಲವು ಗಂಟೆಗಳಲ್ಲಿ ಬರಬಹುದು, ಒಂದೆರಡು ದಿನ ತಡವಾಗಿಯೂ ಬರಬಹುದು: ವಾಂತಿ, ಹೊಟ್ಟೆನೋವು, ರಕ್ತಭೇದಿ, ಅದರ ಹಿಂದೆಯೇ ನೀರಿನಂಶ ಇಳಿದು ಮಗು ಸೋಲುವುದು. ಎಲೆಯ ಸಿಹಿ ಬೇರೆ ವಸ್ತುವಿನದ್ದು, ಅಪಾಯ ಬೀಜದ್ದು. ಆದರೂ ಆ ಬಳ್ಳಿಯ ಎಲೆ ಬಾಯಿಗೆ ಹಾಕುವುದನ್ನು ಮಕ್ಕಳಿಗೆ ಕಲಿಸದಿರುವುದೇ ವಾಸಿ, ಎಲೆಯ ಪಕ್ಕದಲ್ಲೇ ಬೀಜ ತೂಗುತ್ತಿರುತ್ತದೆ. ಅಳಗುಳಿಮಣೆಗೆ ಹುಣಸೆಬೀಜ ಕೊಡಿ. ಕರಾವಳಿಯವರು ಚೆನ್ನೆಮಣೆಗೆ ಬಳಸುವ ಮಂಜೊಟ್ಟಿ ಬೇರೆ ಗಿಡದ್ದು, ದೊಡ್ಡ ಮರದ ಬೀಜ, ಪೂರ್ತಿ ಕೆಂಪು, ಚಪ್ಪಟೆ, ಕಪ್ಪು ಚುಕ್ಕೆ ಇರುವುದಿಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿಡಬೇಡಿ.

ಎಕ್ಕ. ಇಲ್ಲಿ ಮೋಸ ಮಾಡುವುದು ನೋವಿಲ್ಲದಿರುವುದು. ಹಾಲು ಕಣ್ಣಿಗೆ ಸಿಡಿದಾಗ ಆರಂಭದ ಉರಿ ಇಳಿದು ಮರಗಟ್ಟಿದಂತಾಗುತ್ತದೆ, ಸರಿಹೋಯಿತು ಎಂದುಕೊಂಡು ಬಿಡುತ್ತಾರೆ. ಕೆಲವು ಗಂಟೆಯ ಮೇಲೆ ದೃಷ್ಟಿ ಮಂಜಾಗುತ್ತದೆ. ಹಾಲು ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಒಳಗಿನ ಜೀವಕೋಶಗಳವರೆಗೂ ಇಳಿಯುತ್ತದೆ. ಕೂಡಲೇ ರೆಪ್ಪೆ ಬಿಡಿಸಿ ಹಿಡಿದು ಹರಿಯುವ ಶುದ್ಧ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ಎದೆಹಾಲು, ಎಣ್ಣೆ, ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಹನಿ ಯಾವುದೂ ಬೇಡ. ನೋವಿರಲಿ ಬಿಡಲಿ, ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಸಮಯಕ್ಕೆ ಚಿಕಿತ್ಸೆಯಾದರೆ ಬಹುತೇಕರಿಗೆ ದೃಷ್ಟಿ ಮರಳುತ್ತದೆ. ಎಕ್ಕ ಕಡಿಯುವವರು ಕನ್ನಡಕ ಹಾಕಿಕೊಳ್ಳಲಿ.

ಉಮ್ಮತ್ತಿ. ಬಾಯಿ ಒಣಗುವುದು, ಮುಖ ಕೆಂಪಾಗಿ ಮೈ ಬಿಸಿ, ಬೆವರೇ ಇಲ್ಲ, ಕಣ್ಣಿನ ಪಾಪೆ ದೊಡ್ಡದು, ಎದೆಬಡಿತ ಜೋರು, ಮೂತ್ರ ಕಟ್ಟುವುದು, ಇಲ್ಲದ್ದನ್ನು ಹಿಡಿಯಲು ಗಾಳಿಯಲ್ಲಿ ಕೈಯಾಡಿಸುವುದು. ದೆವ್ವ ಹಿಡಿದಿದೆ ಎಂದು ಹೊತ್ತು ಕಳೆಯುವುದು ಇದರಲ್ಲೇ ಹೆಚ್ಚು. ಮಕ್ಕಳಿಗಿಂತ ದೊಡ್ಡವರು ಇದಕ್ಕೆ ಸಿಕ್ಕಿಬೀಳುವ ದಾರಿ ಬೆರಕೆಸೊಪ್ಪು. ಗೊಬ್ಬರಗುಂಡಿಯ ಸಾರದ ಮಣ್ಣು ಉಮ್ಮತ್ತಿಗೆ ಪ್ರಿಯ, ಗಣಿಕೆ ಮತ್ತು ಹರಿವೆಗೂ ಪ್ರಿಯ. ಮೂರೂ ಒಟ್ಟಿಗೇ ಮೊಳೆಯುತ್ತವೆ. ಎಳೆಯದರಲ್ಲಿ ಗುರುತು ಹೀಗೆ: ಉಮ್ಮತ್ತಿಯ ಎಲೆ ತೊಟ್ಟಿಗೆ ಸೇರುವಲ್ಲಿ ಎರಡು ಬದಿ ಸಮ ಇರುವುದಿಲ್ಲ, ಒಂದು ಬದಿ ಕೆಳಗಿಳಿದಿರುತ್ತದೆ, ಜಜ್ಜಿದರೆ ಕೆಟ್ಟ ನಾತ. ಗಣಿಕೆಯ ಹೂ ಬಿಳಿ, ಪುಟ್ಟ ನಕ್ಷತ್ರ. ಉಮ್ಮತ್ತಿಯದ್ದು ಗೇಣುದ್ದದ ತುತ್ತೂರಿ. ಹೂ ಬರುವ ಮೊದಲು ಗುಂಡಿಯ ಪಕ್ಕದ ಸೊಪ್ಪು ಕೊಯ್ಯಬೇಡಿ ಎಂಬುದು ಸುಲಭದ ನಿಯಮ. ಕುದಿಸಿದರೂ ಇದರ ವಿಷ ನಾಶವಾಗದು. ಇನ್ನೊಂದು, ಉಮ್ಮತ್ತಿ ಕಿತ್ತ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಆ ಒಂದು ಕಣ್ಣಿನ ಪಾಪೆ ಮಾತ್ರ ಅಗಲವಾಗಿ, ಒಂದೆರಡು ದಿನ ಹತ್ತಿರದ್ದು ಮಸುಕಾಗಿ ಕಾಣುತ್ತದೆ. ತಾನಾಗಿ ಇಳಿಯುತ್ತದೆ, ಆದರೆ ಗಿಡ ಕಿತ್ತ ವಿಷಯ ವೈದ್ಯರಿಗೆ ಹೇಳದಿದ್ದರೆ ಮೆದುಳಿನ ತೊಂದರೆ ಎಂದು ಸ್ಕ್ಯಾನಿಗೆ ಕಳಿಸುತ್ತಾರೆ.

ಗೌರಿಹೂ ತಿಂದವರ ಬಗ್ಗೆ ಮೇಲೆ ಬಂದಿಲ್ಲ, ಸೇರಿಸುತ್ತೇನೆ. ಮೊದಲ ದಿನ ಗಂಟಲುರಿ, ನಿಲ್ಲದ ವಾಂತಿಭೇದಿ. ಎರಡನೆಯ ದಿನ ವಾಂತಿ ಇಳಿದಾಗ ಊಟ ಕೆಟ್ಟಿತ್ತು ಎಂದು ಮನೆಗೆ ಕಳಿಸಿಬಿಡುವ ಸಂಭವ ಉಂಟು. ನಿಜವಾದ ಹೊಡೆತ ಆಮೇಲೆ. ಕಾಲ್ಚಿಸಿನ್ ಜೀವಕೋಶ ಎರಡಾಗುವುದನ್ನೇ ತಡೆಯುತ್ತದೆ, ಆದ್ದರಿಂದ ಸದಾ ಹೊಸದಾಗುತ್ತಿರುವ ಕರುಳಿನ ಒಳಪದರ, ಮೂಳೆಯ ಮಜ್ಜೆ, ಕೂದಲ ಬುಡಕ್ಕೆ ಮೊದಲ ಏಟು. ಮೊದಲ ವಾರದೊಳಗೆ ಬಿಳಿರಕ್ತಕಣ, ಪ್ಲೇಟ್‌ಲೆಟ್ ಕುಸಿಯುತ್ತವೆ, ಮೂತ್ರಪಿಂಡ, ಹೃದಯ ಸೋಲಬಹುದು. ಬದುಕಿದವರಿಗೆ ಎರಡನೆಯ ವಾರದ ಸುಮಾರಿಗೆ ಕೂದಲು ಉದುರಿ, ಮತ್ತೆ ಬರುತ್ತದೆ. ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ಇಲ್ಲ, ಒಂದೊಂದು ಅಂಗವನ್ನೂ ಕಾಯ್ದುಕೊಂಡು ಹೋಗುವುದೇ ಚಿಕಿತ್ಸೆ. ಹಾಗಾಗಿ ಸಂಶಯ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ದಾಖಲಾಗಬೇಕು, ರಕ್ತದ ಎಣಿಕೆ ಹಲವು ದಿನ ನೋಡಬೇಕು.

ಯಾವುದೇ ಗಿಡವಿರಲಿ: ಬಾಯಲ್ಲಿರುವುದನ್ನು ಉಗುಳಿಸಿ ತೊಳೆಸಿ. ಉಪ್ಪುನೀರು ಕುಡಿಸಿಯೋ ಗಂಟಲಿಗೆ ಬೆರಳು ಹಾಕಿಯೋ ವಾಂತಿ ಮಾಡಿಸಬೇಡಿ. ಹಾಲು, ಮಜ್ಜಿಗೆ, ಹರಳೆಣ್ಣೆ ಬೇಡ. ತಿಂದ ಹೊತ್ತು ಬರೆದಿಟ್ಟುಕೊಳ್ಳಿ. ಎಲೆ, ಹೂ, ಕಾಯಿ ಸೇರಿದ ಒಂದು ರೆಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು 108ರಲ್ಲಿ ಹೊರಡಿ. ದೆಹಲಿಯ ಏಮ್ಸ್‌ನ ವಿಷಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ದಿನವಿಡೀ ಇರುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಅಲ್ಲಿ ಕೇಳಬಹುದು.

ರೆಕ್ಕೆಪುಕ್ಕ:

ವಿಷದ ಮಾತೇ ಆಯಿತು, ಬೇಲಿಯ ಇನ್ನೊಂದು ಮಗ್ಗುಲನ್ನೂ ನೋಡೋಣ. ಈ ಗಿಡಗಳ ವಿಷವನ್ನೇ ನೆಚ್ಚಿಕೊಂಡು ಬದುಕುವ ಜೀವಿಗಳಿವೆ.

ಎಕ್ಕದ ಎಲೆ ತಿನ್ನುವ ಪ್ಲೇನ್ ಟೈಗರ್ ಚಿಟ್ಟೆಯ ಹುಳು ಅದರ ಹೃದಯವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಆ ಕಿತ್ತಳೆ ಬಣ್ಣದ ಹತ್ತಿರ ಮತ್ತೆ ಸುಳಿಯದು. ಹಳದಿ-ನೀಲಿ ಪಟ್ಟೆಯ ಎಕ್ಕದ ಮಿಡತೆಯದ್ದೂ ಇದೇ ಉಪಾಯ. ಎಕ್ಕದ ಪರಾಗ ಪುಡಿಯಾಗಿರದೆ ಜೋಡಿ ಗಂಟಾಗಿರುತ್ತದೆ; ಅದನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆಯುವ ಬಲ ಮರ ಕೊರೆಯುವ ಕರಿ ದುಂಬಿಗೆ ಉಂಟು, ಸಣ್ಣ ಜೇನಿಗೆ ಕಷ್ಟ. ಉಮ್ಮತ್ತಿ ಸಂಜೆ ಅರಳಿ ಉದ್ದ ಹೀರುಗೊಳವೆಯ ಗಿಡುಗಪತಂಗವನ್ನು ಕರೆಯುತ್ತದೆ. ಗೌರಿಹೂವಿನ ಎಲೆಯಲ್ಲಿ ಕಪ್ಪು ಮೈಗೆ ಬಿಳಿ, ಕೆಂಪು ಚುಕ್ಕೆಯ ಹುಳು ಕಂಡರೆ ಕೊಲ್ಲಬೇಡಿ, ಪೋಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಮರಿ ಅದು. ಕಾಲ್ಚಿಸಿನ್ ಅದಕ್ಕೆ ಏನೂ ಮಾಡದು. ಆ ಹೂವಿನ ಶಲಾಕೆ, ಅಂದರೆ ಪರಾಗ ಹಿಡಿಯುವ ಹೆಣ್ಣುಭಾಗದ ಕಡ್ಡಿ, ಬುಡದಲ್ಲೇ ಲಂಬಕೋನಕ್ಕೆ ಮಡಚಿ ಪಕ್ಕಕ್ಕೆ ಚಾಚಿರುವುದನ್ನು ಗಮನಿಸಿ. ಸ್ವಂತ ಪರಾಗ ತಾಗದ ಹಾಗೆ ದೂರ ಸರಿದು, ಬೇರೆ ಹೂವಿನಿಂದ ಬಂದ ಚಿಟ್ಟೆಯ ರೆಕ್ಕೆಗೋ ಸೂರಕ್ಕಿಯ ಮೈಗೋ ತಾಗಲೆಂದು ಈ ಏರ್ಪಾಡು. ಬೀಜಕ್ಕೆ ಬೆಳೆಯುವ ರೈತರು ಇದೇ ಕಾರಣಕ್ಕೆ ಕೈಯಿಂದ ಪರಾಗ ತಾಗಿಸುತ್ತಾರೆ.

ಲಂಟಾನಕ್ಕೂ ಚಿಟ್ಟೆ ಬರುತ್ತದೆ, ಒಪ್ಪಿದೆ. ಹಳದಿ ಹೂವಿನಲ್ಲಿ ಮಧು, ಪರಾಗಸ್ಪರ್ಶ ಆದ ಮೇಲೆ ಅದೇ ಹೂ ಕೆಂಪಾಗುತ್ತದೆ, ಚಿಟ್ಟೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೂ ಅದನ್ನು ಉಳಿಸುವ ಕಾರಣ ನನಗೆ ಕಾಣದು. ಅದು ಅಮೆರಿಕ ಖಂಡದಿಂದ ಬಂದದ್ದು, ಬುಡದಲ್ಲಿ ಬೇರೇನನ್ನೂ ಏಳಗೊಡದು, ಬೇಸಿಗೆಯಲ್ಲಿ ಬೆಂಕಿಗೆ ಒಳ್ಳೆಯ ಸೌದೆ. ಕೊಂಬೆ ಕಡಿದರೆ ಬುಡದಿಂದ ನಾಲ್ಕು ಪಟ್ಟು ಚಿಗುರುತ್ತದೆ. ಚಿಗುರುವ ಗಂಟು ಮಣ್ಣಿನ ಮಟ್ಟದಲ್ಲಿದೆ, ಆದ್ದರಿಂದ ಅದರ ಕೆಳಗೆ, ಮಣ್ಣಿನಿಂದ 3ರಿಂದ 5 ಸೆಂಟಿಮೀಟರ್ ಆಳದಲ್ಲಿ ಪಿಕಾಸಿಯಿಂದ ತಾಯಿಬೇರು ಕಡಿಯಬೇಕು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಢಿಗೆ ತಂದ ವಿಧಾನ ಇದು, ಜೆಸಿಬಿ ಬೇಡ. ಜೆಸಿಬಿ ಮಣ್ಣು ಕೆದರಿದಷ್ಟೂ ಹೂತಿದ್ದ ಬೀಜ ಮೇಲೆ ಬಂದು ಮೊಳೆಯುತ್ತದೆ, ಏರಿಯೂ ಕುಸಿಯುತ್ತದೆ. ಕಡಿದ ಪೊದೆಯನ್ನು ಬೇರು ಮೇಲಾಗಿ ಮಗುಚಿಡಿ, ಕೊಂಬೆ ಹಸಿಮಣ್ಣಿಗೆ ತಾಗಿ ಮಲಗಿದರೆ ಗಿಣ್ಣಿನಲ್ಲಿ ಬೇರು ಬಿಡುತ್ತದೆ. ಮಣ್ಣು ಮೆದುವಿರುವಾಗ, ಕಾಯಿ ಕಪ್ಪಾಗುವ ಮುನ್ನ ಮಾಡಿ. ಮುಂದಿನ ಎರಡು ಮೂರು ಮಳೆಗಾಲ ಪಿಕಳಾರ ಕೂರುವ ಮರಗಳ ಬುಡ ನೋಡುತ್ತಿರಬೇಕು, ಹಕ್ಕಿ ಹಾಕಿದ ಬೀಜದ ಸಸಿ ಅಲ್ಲೇ ಏಳುವುದು. ಒಂದೇ ಸಲ 120 ಮೀಟರ್ ಬೋಳಿಸಬೇಡಿ. ವರ್ಷಕ್ಕೆ 40 ಮೀಟರ್ ತೆಗೆದು, ಅದೇ ಮಳೆಯಲ್ಲಿ ಬೇರೆ ಗಿಡ ನೆಟ್ಟು, ಅವು ಹಿಡಿದ ಮೇಲೆ ಮುಂದಕ್ಕೆ ಹೋಗಿ.

ನೆಡಲು ಲಕ್ಕಿ ಒಳ್ಳೆಯದು. ಬೆರಳು ದಪ್ಪದ, ಒಂದೂವರೆ ಅಡಿ ಕಡ್ಡಿಯನ್ನು ಜೂನಿನಲ್ಲಿ ಅರ್ಧ ಹೂತರೆ ಹಿಡಿಯುತ್ತದೆ, ದನ ಮುಟ್ಟದು, ಜೇನಿಗೆ ಹೂ ಸಿಗುತ್ತದೆ. ನಡುವೆ ಕೇಪಳ, ನೆಕ್ಕರಿಕೆ ಇಡಿ. ಎರಡರ ಹಣ್ಣೂ ಮಕ್ಕಳು ತಿನ್ನಬಹುದು. ಗೌರಿಹೂವಿಗೆ ಹತ್ತಲು ಆಸರೆಯೂ ಆಯಿತು.

ಒಂದು ಎಚ್ಚರ ಹೆಚ್ಚುವರಿ. ಬೇಣದ ಕರಡದಲ್ಲಿ, ಅಂದರೆ ಹುಲ್ಲುಗಾವಲಿನ ಒಣಹುಲ್ಲಿನಲ್ಲಿ, ಗಿಲಿಗಿಚ್ಚಿ ಬರುತ್ತಿದೆಯೇ ನೋಡಿ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವ ಹಳದಿ ಹೂವಿನ ಗಿಡ. ಗಂಡು ಟೈಗರ್ ಚಿಟ್ಟೆಗಳು ಒಣಗಿದ ಆ ಗಿಡಕ್ಕೆ ಮುತ್ತಿಗೆ ಹಾಕುವುದು ಅದರ ಕ್ಷಾರವಸ್ತುಗಳಿಗಾಗಿ, ಹೆಣ್ಣನ್ನು ಒಲಿಸುವ ವಾಸನೆಯನ್ನು ಅದರಿಂದಲೇ ತಯಾರಿಸುತ್ತವೆ. ಅದೇ ವಸ್ತು ದನಕ್ಕೂ ಮನುಷ್ಯರಿಗೂ ಪಿತ್ತಜನಕಾಂಗದ ನಿಧಾನವಿಷ. ಮಧ್ಯಪ್ರದೇಶದ, ಈಗ ಛತ್ತೀಸಗಢಕ್ಕೆ ಸೇರಿದ ಸರಗುಜಾದಲ್ಲಿ 1975ರಲ್ಲಿ ಸಿರಿಧಾನ್ಯದಲ್ಲಿ ಇದರ ಬೀಜ ಬೆರೆತು ಜನ ಸತ್ತಿದ್ದರು. ಕರಡ ಕೊಯ್ಯುವ ಮುಂಚೆ ಆ ಗಿಡಗಳನ್ನು ಕಿತ್ತು ಬೇರೆ ಹಾಕಿ.

ಅಗಳಬದಿ:

ಮೇಲ್ತುದಿಯ 40 ಮೀಟರಿನಿಂದ ಶುರು ಮಾಡುತ್ತೇನೆ. ಕೊನೆಯದಾಗಿ, ಅಗೆದ ಗೌರಿಹೂವಿನ ಗಡ್ಡೆಯನ್ನು ಏನು ಮಾಡಬೇಕು? ಗೊಬ್ಬರಗುಂಡಿಗೆ ಹಾಕಬಹುದೇ?

ಗಡ್ಡೆಗೆಣಸು:

ಗೊಬ್ಬರಗುಂಡಿಗೆ ಬೇಡ, ಕೊಳೆಯದೆ ಮೊಳೆತು ಗೊಬ್ಬರದ ಜತೆ ತೋಟವೆಲ್ಲ ಹೋಗುತ್ತದೆ. ಅಗಳಿನ ನೀರಿಗೂ ಬೇಡ.

ಮತ್ತೆ ನೆಡುವುದಕ್ಕಾದರೆ ಮಣ್ಣು ಒರೆಸಿ, ತೊಳೆಯದೆ, ಒಣ ಮರಳು ತುಂಬಿದ ಹಳೆಯ ಡಬ್ಬದಲ್ಲಿ ನೆರಳಿಗಿಡಿ. ಮೇಲೆ ವಿಷದ ಗಡ್ಡೆ ಎಂದು ದೊಡ್ಡದಾಗಿ ಬರೆಯಿರಿ, ಸುವರ್ಣಗೆಡ್ಡೆ, ಗೆಣಸು ಇಡುವ ಅಟ್ಟದಲ್ಲಿ ಮಾತ್ರ ಇಡಬೇಡಿ. ಏಪ್ರಿಲ್-ಮೇ ಹೊತ್ತಿಗೆ ತುದಿಯ ಕಣ್ಣು ಉಬ್ಬುತ್ತದೆ. ಮೊದಲ ಮಳೆಗೆ ಏರಿಯ ದೂರದ ತುದಿಯಲ್ಲಿ ಐದಾರು ಸೆಂಟಿಮೀಟರ್ ಆಳಕ್ಕೆ ಅಡ್ಡಡ್ಡ ಮಲಗಿಸಿ, ಕಣ್ಣು ಮುರಿಯದಂತೆ ಮಣ್ಣು ಎಳೆಯಿರಿ. ನೀರು ನಿಲ್ಲುವ ಕಡೆ ನೆಟ್ಟರೆ ಕೊಳೆಯುತ್ತದೆ.

ನಾಶ ಮಾಡುವುದಾದರೆ ಕೈಗವಸು ಹಾಕಿ ಎರಡೂ ತುದಿ ಕತ್ತರಿಸಿ, ಕೋಳಿ ನಾಯಿ ಎಟಕದ ಬಂಡೆಯ ಮೇಲೆ ಒಣಗಿಸಿ, ಮೂರಡಿ ಗುಂಡಿಯಲ್ಲಿ ಹೂಳಿ. ಆ ಕತ್ತಿಯನ್ನು ಸೋಪಿನಲ್ಲಿ ತೊಳೆದ ಮೇಲೆಯೇ ಬೇರೆ ಕೆಲಸಕ್ಕೆ ತೆಗೆದುಕೊಳ್ಳಿ.